ಕುತ್ರಿ ಬೆವರಿದ ವರ್ಷ

ದೀಪಾವಳಿಯ ಪಾಡ್ಯದ ಮಧ್ಯಾಹ್ನ ಬೈಂದೂರಿನಿಂದ ಬ್ರಹ್ಮಾವರದ ಅಕ್ಕನ ಮನೆಗೆ ಹೊರಟಿದ್ದೆ. ಕುಂಭಾಶಿ ದಾಟಿದ ಮೇಲೆ ನಮ್ಮ ಬಸ್ಸು ಬೈಹುಲ್ಲು ಹೇರಿದ ಟೆಂಪೊ ಒಂದರ ಹಿಂದೆ ಸಿಕ್ಕಿಹಾಕಿಕೊಂಡಿತು. ಕಿಟಕಿಯಿಂದ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಹುಲ್ಲಿನ್ ಪರಿಮಳ ಎಷ್ಟ್ ಲಾಯ್ಕ್ ಅಲ್ದಾ?" ಅಂದಳು. ಅದು ಪರಿಮಳವಲ್ಲ. ಒಣಗಿದ ಹುಲ್ಲಿಗೆ ಪರಿಮಳ ಇರುತ್ತದೆ, ನಾನೂ ಬಲ್ಲೆ. ಇದು ಒದ್ದೆಯಲ್ಲೇ ಕಟ್ಟಿಟ್ಟು, ಒಳಗೊಳಗೇ ಬಿಸಿಯಾಗಿ, ಬೂಸ್ಟು ಹಿಡಿದ ಹುಲ್ಲು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಆಕೆ ನನ್ನನ್ನು ಯಾವುದೋ ಪೇಟೆಯ ಬೆಡಗಿ ಅಂದುಕೊಂಡಿರಬೇಕು, ಆ ಕಡೆ ತಿರುಗಿ ಕೂತಳು. ತೆಕ್ಕಟ್ಟೆಯಲ್ಲಿ ಬಸ್ಸು ನಿಂತಾಗ ಯಾಕೆ ಎದ್ದೆನೋ ಗೊತ್ತಿಲ್ಲ. ಅಕ್ಕನಿಗೆಂದು ಕಟ್ಟಿಸಿದ್ದ ಸಿಹಿತಿಂಡಿಯ ಪೊಟ್ಟಣ ಹಿಡಿದುಕೊಂಡು ಇಳಿದುಬಿಟ್ಟೆ.

ಆ ವಾಸನೆ ನನಗೆ ಪರಿಚಯವಾದದ್ದು ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ತೆಕ್ಕಟ್ಟೆಯ ಹತ್ತಿರದ ಸಣ್ಣದೊಂದು ಸರಕಾರಿ ಆಸ್ಪತ್ರೆಗೆ ನನ್ನನ್ನು ಔಷಧ ಕೊಡುವ ಕೆಲಸಕ್ಕೆ ಹಾಕಿದ್ದರು. ಯಡ್ತರೆಯ ನಮ್ಮ ಮನೆಯಿಂದ ದಿನಾ ಓಡಾಡಬಹುದಾದ ದೂರವೇ, ಆದರೆ ಮಳೆಗಾಲದಲ್ಲಿ ಹೆದ್ದಾರಿಯ ಬಸ್ಸನ್ನು ನಂಬಿ ಕೆಲಸ ಮಾಡುವ ಧೈರ್ಯ ನನಗಿರಲಿಲ್ಲ. ಆಸ್ಪತ್ರೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಮಂಜಯ್ಯ ಶೆಟ್ರ ಮನೆಯಲ್ಲಿ ಒಂದು ಕೋಣೆ ಹಿಡಿದೆ. ಶೆಟ್ರಿಗೆ ಆಗ ಅರವತ್ತರ ಹತ್ತಿರ. ಹೆಂಡತಿ ಸೀತಕ್ಕ. ಒಬ್ಬಳೇ ಮಗಳನ್ನು ಸಾಲಿಗ್ರಾಮಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮನೆಯ ಎದುರಿಗೇ ಗದ್ದೆಗಳ ಬೈಲು, ಬೈಲಿನ ನಡುವೆ ಅವರ ದೊಡ್ಡ ಗದ್ದೆ. ಕೋಣೆಯ ಜೊತೆಗೆ ಬೆಳಗಿನ ಗಂಜಿಯೂ ಸೇರಿತ್ತು. ಬೇಡ ಅಂದರೆ ಸೀತಕ್ಕ ಸುಮ್ಮನಿರುವವರಲ್ಲ.

ಶೆಟ್ರು ನನಗೆ ಮೊದಲ ವಾರದಲ್ಲೇ 'ಮದ್ದಿನಮ್ಮ' ಅಂತ ಹೆಸರಿಟ್ಟರು. ಮಿಡಿ ಉಪ್ಪಿನಕಾಯಿ ನೆಂಚಿಕೊಂಡು ಗಂಜಿ ಸುರಿಯುತ್ತಾ, ಹೊರಗಿನ ಮಳೆ ನೋಡಿ ಕೇಳುತ್ತಿದ್ದರು: "ಮದ್ದಿನಮ್ಮ, ಮಳಿಗೆ ಎಂತಾರೂ ಗುಳಿಗಿ ಇತ್ತಾ ನಿಮ್ಮಲ್ಲಿ?"

"ಇತ್ತ್ ಶೆಟ್ರೆ. ಆದ್ರೆ ಮಳಿಯೇ ಬಂದ್ ಆಸ್ಪತ್ರಿ ಸಾಲಂಗೆ ನಿಲ್ಕ್."

"ಅದ್ ಬಂದ್ರೆ ಉಳ್ದರ್ ಯಾರೂ ನಿಂಬುಕಿಲ್ಲೆ!" ಅಂತ ನಗುತ್ತಿದ್ದರು. ದೊಡ್ಡ ನಗು. ಹೆಂಚಿನ ಮಾಡಿನ ಮೇಲಿನ ಮಳೆಯ ಸದ್ದನ್ನೂ ಮೀರಿ ಕೇಳಿಸುತ್ತಿತ್ತು.

ನಗುವಿಗಿಂತಲೂ ದೊಡ್ಡದು ಅವರ ಕೂಗು. ಅದರ ವಿಷಯ ನನಗೆ ಊರವರೇ ಹೇಳಿದ್ದರು. ನಮ್ಮ ಕಡೆ ದೀಪಾವಳಿಯ ಪಾಡ್ಯದಂದು ಮುಚ್ಚಂಜೆಗೆ ಗದ್ದೆಗೆ ಹೋಗಿ ದೀಪದ ಕೋಲು ನೆಟ್ಟು ಹೊಲಿ ಕರೆಯುತ್ತಾರೆ. ಹೊಲಿ ಅಂದರೆ ಹುಲುಸು. ಬಲೀಂದ್ರನನ್ನು ನೆನೆದು, ಗದ್ದೆಗೆ ಬೆಳೆ ಬರಲಿ ಅಂತ ಕರೆದು, ಪ್ರತಿ ಸಲವೂ ಕೊನೆಗೆ 'ಕೂ...' ಅಂತ ಉಸಿರು ಇರುವಷ್ಟು ಉದ್ದ ಕೂಗಬೇಕು. ಆ ಬೈಲಿನಲ್ಲಿ ಮೊದಲ ಕೂಗು ಶೆಟ್ರ ಮನೆಯದು. ಅವರ ಕೂ ಮುಗಿಯುವ ತನಕ ಸುತ್ತಲಿನ ಹದಿನೈದು ಮನೆಗಳವರು ದೀಪ ಹಚ್ಚಿಕೊಂಡು ಸುಮ್ಮನೆ ಕಾಯುತ್ತಾರೆ. ಯಾರೂ ಬರೆದಿಟ್ಟ ಕಟ್ಟಳೆಯಲ್ಲ ಅದು. ಶೆಟ್ರ ಅಪ್ಪನ ಕಾಲದಿಂದಲೂ ಹಾಗೇ. ಒಂದು ಕೂ ಮುಗಿಯುವಷ್ಟರಲ್ಲಿ ಬೈಲು ದಾಟಿ ಬರಬಹುದು ಅಂತ ಆಸ್ಪತ್ರೆಯ ಆಯಾ ನನಗೆ ಹೇಳಿದ್ದಳು. ಸ್ವಲ್ಪ ಕಡಿಮೆ ಮಾಡಿ ಹೇಳು ಮಾರಾಯ್ತಿ ಅಂದಿದ್ದೆ.

ಆ ವರ್ಷದ ಮಳೆಗೆ ಹೋಗುವ ಮನಸ್ಸೇ ಇರಲಿಲ್ಲ. ನವರಾತ್ರಿಯ ಹೊತ್ತಿಗೆ ಬಿಸಿಲು ಬಂದು ಕೊಯ್ಲು ಶುರುವಾಗಬೇಕು. ಚಿತ್ತೆ ಮಳೆ ಒಂದೆರಡು ಗುಡುಗು ಹಾಕಿ ಹೋಗುತ್ತದೆ, ಅದು ಎಲ್ಲರ ಲೆಕ್ಕದಲ್ಲಿ ಇರುವುದೇ. ಆದರೆ ಆ ಸಲ ಕಡಲಲ್ಲಿ ಒಂದು ಗಾಳಿ ಮಲಗುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ಬೆಳಿಗ್ಗೆ ಸೆಕೆ, ಮಧ್ಯಾಹ್ನ ಮೋಡ, ಸಂಜೆ ಮಳೆ. ಗೋಡೆಗೆ ಹಸಿರು, ಚಪ್ಪಲಿಗೆ ಬಿಳಿ, ನನ್ನ ಟ್ರಂಕಿನ ಸೀರೆಗಳಿಗೆ ಕಪ್ಪು ಬೂಸ್ಟು. ಆಸ್ಪತ್ರೆಯಲ್ಲಿ ನಾನು ಮದ್ದು ಕೊಡುವ ಕಿಟಕಿಯ ಮುಂದಿನ ಸಾಲು ಗೇಟಿನ ತನಕ ಬೆಳೆಯಿತು. ಜ್ವರದವರು ಕಡಿಮೆ, ಕೆಮ್ಮಿನವರೇ ಜಾಸ್ತಿ. ಒಣಮೀನು ಹರಡಲು ಬಿಸಿಲಿಲ್ಲದೆ ಒಳಗೇ ಹೊಗೆ ಹಾಕಿಕೊಂಡ ಹೆಂಗಸರು, ಒಲೆಯ ಮೇಲೆ ಒಣಗಿಸಿದ ಯೂನಿಫಾರ್ಮು ಹಾಕಿಕೊಂಡು ಗೊರಗೊರ ಅನ್ನುವ ಮಕ್ಕಳು, ಹಂಚಿನ ಕಾರ್ಖಾನೆಯಲ್ಲಿ ಎದೆ ಸವೆಸಿಕೊಂಡ ಮುದುಕರು. ಹವಾಮಾನ ಬದಲಾವಣೆ ಅಂತ ಪೇಪರಿನಲ್ಲಿ ಓದುತ್ತಿದ್ದೆ, ಬ್ರಹ್ಮಾವರದಲ್ಲಿ ನಡೆದ ಒಂದು ತರಬೇತಿಯಲ್ಲಿ ಅದರ ನಕಾಶೆಗಳನ್ನೂ ತೋರಿಸಿದ್ದರು. ನಮ್ಮಂಥ ದೇಶಗಳಿಗೇ ಅದರ ಪೆಟ್ಟು ಹೆಚ್ಚಂತೆ, ಹೊಗೆ ಬಿಟ್ಟವರು ಬೇರೆಯವರಾದರೂ. ನಕಾಶೆಯಲ್ಲಿ ಅದು ಕೆಂಪು ಬಣ್ಣದ ಸಂಗತಿ. ನನ್ನ ಕಿಟಕಿಗೆ ಮಾತ್ರ ಅದು ಕೆಮ್ಮಾಗಿ ಬಂದು, ಚೀಟಿ ಹಿಡಿದು ನಿಲ್ಲುತ್ತಿತ್ತು.

ನವರಾತ್ರಿಗೆ ಮೊದಲು ನಾಲ್ಕು ದಿನ ಬಿಸಿಲು ಬಂತು. ಬೈಲಿಗೆ ಬೈಲೇ ಕತ್ತಿ ಹಿಡಿದು ಇಳಿಯಿತು. ಕೊಯ್ಲಿನ ಯಂತ್ರ ಹೂತುಹೋಗುವಷ್ಟು ಕೆಸರಿದ್ದುದರಿಂದ ಶೆಟ್ರು ಆಳು ಹಿಡಿದು ಕೈಯಲ್ಲೇ ಕೊಯ್ಯಿಸಿದರು. ಕೊಯ್ದ ಪೈರನ್ನು ಹಿಡಿಹಿಡಿಯಾಗಿ ಸೂಡಿ ಕಟ್ಟಿ ಅಂಗಳಕ್ಕೆ ತರುವಷ್ಟರಲ್ಲಿ ಮೋಡ ಬಂತು. ಅವರ ಮನೆಯಲ್ಲಿ ಮೊದಲಿನಿಂದಲೂ ಭತ್ತದ ಸೂಡಿಗಳನ್ನು ಗೋಪುರದ ಹಾಗೆ ಒಟ್ಟಿ ಕುತ್ರಿ ಹಾಕಿ, ಹತ್ತು ಹನ್ನೆರಡು ದಿನ ಬಿಟ್ಟು, ಪುರುಸೊತ್ತಿನಲ್ಲಿ ಬಡಿಯುವ ಕ್ರಮ. ಕುತ್ರಿಯಲ್ಲಿ ಕೂತ ಭತ್ತದ ಅಕ್ಕಿಗೆ ರುಚಿ ಜಾಸ್ತಿ ಅಂತ ಶೆಟ್ರ ನಂಬಿಕೆ.

"ಇದ್ ಒದ್ದೆ ಅಲ್ದಾ ಶೆಟ್ರೆ, ಹೀಂಗೇ ಒಟ್ಟುದಾ?" ಅಂತ ಕೇಳಿದೆ.

"ನಾಳೆ ಬಿಸ್ಲ್ ಬತ್ತ್ ಮದ್ದಿನಮ್ಮ. ಕುತ್ರಿ ಒಳ್ಗೇ ಒಣ್ಗತ್ತ್. ಅಪ್ಪಯ್ಯ ಹೀಂಗೇ ಮಾಡ್ತಿದ್ದದ್ದ್."

ಅವರ ಅಪ್ಪಯ್ಯನ ಕಾಲದಲ್ಲಿ ನಾಳೆ ಬಿಸಿಲು ಬರುತ್ತಿತ್ತು. ಈ ಸಲ ಬಂದದ್ದು ಮಳೆ, ಹನ್ನೆರಡು ದಿನ. ತಾಡಪಾಲು ಹೊದ್ದ ಕುತ್ರಿ ಅಂಗಳದಲ್ಲಿ ಕೂತೇ ಇತ್ತು. ವಿಜಯದಶಮಿಯ ಮರುದಿನ ತಾಡಪಾಲು ತೆಗೆದಾಗ ಒಳಗಿನಿಂದ ಹಬೆ ಎದ್ದಿತು. ಸೂಡಿಯ ನಡುವೆ ಕೈ ಹಾಕಿದ ಸೀತಕ್ಕ ಸುಟ್ಟುಕೊಂಡವರಂತೆ ಎಳೆದುಕೊಂಡು, "ಅಯ್ಯೊ, ಕುತ್ರಿ ಬೆವರಿತ್ತಲೆ!" ಅಂದರು.

ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಚಾವಡಿಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿತ್ತು. ಮಳೆಯ ಇರಚಲು ಬಡಿಯಬಾರದು ಅಂತ. ಒಳಗೆ ಭತ್ತ ಉದುರಿಸುವ ಹಡಿಮಂಚಕ್ಕೆ ಸೂಡಿ ಬಡಿಯುವ ಸದ್ದು. ಬಾಗಿಲು ತೆರೆದರೆ ಆಚೆ ಗೋಡೆ ಕಾಣಿಸಲಿಲ್ಲ. ಬೂದಿ ಬಣ್ಣದ ಧೂಳು, ಮೂಗಿಗೆ ಹುಳಿ ವಾಸನೆ. ಅದರ ನಡುವೆ ಶೆಟ್ರು, ಮೈಯೆಲ್ಲ ಬೂದು, ಹೆಗಲ ವಸ್ತ್ರ ಬೈರಾಸನ್ನು ತಲೆಗೆ ಸುತ್ತಿಕೊಂಡಿದ್ದರು.

"ಅದನ್ನ ಮೂಗಿಗೆ ಕಟ್ಕಣಿ ಶೆಟ್ರೆ!" ಅಂತ ಕೂಗಿದೆ.

"ಮೂಗಿಗ್ ಕಟ್ರೆ ಉಸ್ರ್ ಬಿಡುದ್ ಹ್ಯಾಂಗೆ?" ಅಂತ ನಕ್ಕರು. ಎರಡು ದಿನ ಬಡಿದರು. ಭತ್ತದಲ್ಲಿ ಅರ್ಧಕ್ಕರ್ಧ ಮೊಳಕೆ ಬಂದಿತ್ತು. ಮೂರನೆಯ ದಿನ ಬೆಳಿಗ್ಗೆ ಗಂಜಿಯ ಎದುರು ಕೂತು ಉಣ್ಣಲಾಗದೆ ಎದೆ ಹಿಡಿದುಕೊಂಡರು. ಒಳಗೆ ಯಾರೋ ಸಿಳ್ಳೆ ಹಾಕಿದ ಹಾಗೆ ಸದ್ದು ಬರುತ್ತಿತ್ತು.

ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರ್ ಬರುವ ದಿನ. ನೋಡಿ, ಬೂಸ್ಟಿನ ಧೂಳು ಎದೆಗೆ ಇಳಿದಿದೆ ಅಂದರು. ಉಸಿರಿನ ಮದ್ದು ಬರೆದರು. ಆ ಮದ್ದು ನೋಡಲು ಸಾಮಾನ್ಯ ಗುಳಿಗೆಯ ಹಾಗೇ ಇರುತ್ತದೆ. ಆದರೆ ನುಂಗುವುದಲ್ಲ. ಹೆಬ್ಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ಪಂಪಿನೊಳಗೆ ಅದನ್ನಿಟ್ಟು, ತಿರುಚಿ, ಒಳಗಿನ ಪುಡಿಯನ್ನು ಬಾಯಿಂದ ಎಳೆದುಕೊಳ್ಳಬೇಕು. ನಾನು ಪ್ರತಿಯೊಬ್ಬರಿಗೂ ಒಂದು ಖಾಲಿ ಪಂಪು ಹಿಡಿದು ಎಳೆದು ತೋರಿಸಿಯೇ ಕಳಿಸುತ್ತಿದ್ದೆ. ಅವತ್ತು ಸಾಲು ಗೇಟು ದಾಟಿತ್ತು. ಶೆಟ್ರ ಕೈಗೆ ಗುಳಿಗೆ, ಪಂಪು ಎರಡನ್ನೂ ಕೊಟ್ಟು, "ಬೆಳಿಗ್ಗೆ ಒಂದು, ರಾತ್ರಿ ಒಂದು" ಅಂದೆ. ಉಳಿದದ್ದನ್ನು ಮನೆಯಲ್ಲಿ ಹೇಳಿದರಾಯಿತು, ಎಲ್ಲಿ ಹೋಗುತ್ತಾರೆ ಅಂತ. ಗುರುತಿಲ್ಲದವರಿಗೆಲ್ಲ ತೋರಿಸಿ, ದಿನಾ ಯಾರ ಮನೆಯ ಗಂಜಿ ಉಣ್ಣುತ್ತೇನೋ ಅವರನ್ನೇ ಬಿಟ್ಟೆ. ಸಂಜೆಗೆ ನನಗೆ ಅದು ಮರೆತೇಹೋಯಿತು.

ಎರಡು ವಾರ ಕಳೆದರೂ ಶೆಟ್ರ ಉಸಿರು ಸರಿಯಾಗಲಿಲ್ಲ. ಅಂಗಳದಿಂದ ಬಾವಿಕಟ್ಟೆಗೆ ಹೋಗುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದರು. ನಗು ನಿಂತಿತ್ತು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಹಬ್ಬದೊಳ್ಗೆ ಸಮ ಆತಾ ಮದ್ದಿನಮ್ಮ? ಹೊಲಿ ಕರಿಯುಕಿತ್ತಲೆ." ಆತ್ತ್, ಮದ್ದು ತಪ್ಪಿಸಬೇಡಿ ಅನ್ನುತ್ತಿದ್ದೆ. ತಪ್ಪಿಸುವುದಿಲ್ಲ ಅನ್ನುತ್ತಿದ್ದರು. ಅವರು ಒಂದು ಹೊತ್ತೂ ತಪ್ಪಿಸಿರಲಿಲ್ಲ.

ಬಚ್ಚಲಿಗೆ ನೀರು ತುಂಬುವ ಹಬ್ಬದ ದಿನ ಸೀತಕ್ಕ ದೇವರ ಕೋಣೆ ಒರೆಸುತ್ತಿದ್ದರು. ನಾನು ತಾಮ್ರದ ಸಾಮಾನು ಇಳಿಸಿಕೊಡಲು ಹೋದವಳು, ಕುಂಕುಮದ ಭರಣಿಯ ಪಕ್ಕದಲ್ಲಿ ಆ ಪಂಪು ಕಂಡೆ. ಕವರು ಬಿಚ್ಚಿರಲಿಲ್ಲ.

"ಇದೆಂತಕೆ ಇಲ್ಲಿತ್ತ್ ಸೀತಕ್ಕ?"

"ಆಸ್ಪತ್ರಿ ಸೊತ್ತಲ್ದಾ ಹೆಣೆ. ಮದ್ದ್ ಮುಗ್ದ್ ಮೇಲೆ ವಾಪಾಸ್ ಕೊಡುಕಂದೇಳಿ ಜಾಗ್ರತಿ ಮಾಡಿ ಇಟ್ಟಿರ್."

"ಮತ್ತೆ ಗುಳಿಗಿ?"

"ಗಂಜಿ ತೆಳಿ ಒಟ್ಟಿಗೆ ನುಂಗ್ತ್ರ್."

ಅಷ್ಟರಲ್ಲಿ ಶೆಟ್ರು ಬಾಗಿಲ ಹತ್ತಿರ ಬಂದು ನಿಂತಿದ್ದರು. ಆಗ ನಾನು ಆಡಿದ ಮಾತನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳಲು ಆಗಿಲ್ಲ. "ಎಂತ ಶೆಟ್ರೆ ಇದ್? ನಾ ಹೇಳಿದ್ನಲ್ದಾ, ಇದ್ರೊಳ್ಗೆ ಹಾಕಿ ಎಳುಕ್ ಅಂದೇಳಿ?" ಅಂದೆ, ಜೋರಾಗಿಯೇ.

ಅವರು ನನ್ನ ಮುಖ ನೋಡಿದರು. ಆಮೇಲೆ, "ಹೌದ್, ಹೇಳಿದ್ರಿ, ಹೇಳಿದ್ರಿ. ನಂಗೇ ಮರ್ತ್ ಹೋಯ್ತ್ ಕಾಣಿ," ಅಂದರು. ಮುಂದೆ ಡಾಕ್ಟರ್ ಬಂದ ದಿನ ಅವರ ಎದುರಿಗೂ ಅದನ್ನೇ ಹೇಳಿದರು: "ಮದ್ದಿನಮ್ಮ ಸಮಾ ಹೇಳ್ಕೊಟ್ಟಿದ್ರ್. ನನ್ ತಲಿಯೇ ಸಮ ಇಲ್ಲೆ." ಸೀತಕ್ಕ ಹಬ್ಬದ ಮೂರು ದಿನವೂ ಗಂಡನನ್ನು ಬೈದರು. ಕೆಮಿ ಕೇಂತಿಲ್ಲೆ, ಬುದ್ಧಿ ಇಲ್ಲೆ, ಅಷ್ಟ್ ಸಮ ಹೇಳ್ರೂ ತಿಳಿಲಿಲ್ಲೆ ಅಂತ. ನಾನು ತಲೆ ತಗ್ಗಿಸಿ ಅವರು ಬಡಿಸಿದ ಗಂಜಿ ಉಂಡೆ. ಬಾಯಿ ಬಿಟ್ಟರೆ ಕೆಲಸಕ್ಕೆ ಕುತ್ತು ಬರಬಹುದೆಂಬ ಹೆದರಿಕೆ ಒಂದು ಕಡೆ. ಇಷ್ಟು ಒಳ್ಳೆಯವರ ಎದುರು ಸಣ್ಣವಳಾಗಬೇಕಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಎರಡನೆಯದೇ ದೊಡ್ಡದಿತ್ತು.

ಪಂಪು ಎಳೆಯುವುದನ್ನು ಅವತ್ತೇ ಕಲಿಸಿದೆ. ಪುಡಿ ಒಳಗೆ ಹೋಗುವಾಗ ಗರ್ರ್ ಅಂತ ಸಣ್ಣ ಸದ್ದು ಬರುತ್ತದೆ. ಮಕ್ಕಳ ಆಟದ ಸಾಮಾನಿನ ಹಾಗಿತ್ತಲ್ಲ ಅಂತ ಶೆಟ್ರು ಖುಷಿಪಟ್ಟರು. ಆದರೆ ಹೋದ ಹದಿನೈದು ದಿನವನ್ನು ಮೂರು ದಿನದಲ್ಲಿ ಎಳೆದುಕೊಳ್ಳಲು ಬರುವುದಿಲ್ಲ.

ಪಾಡ್ಯದ ಸಂಜೆ ತುಂತುರು ಮಳೆಯಿತ್ತು. ನಾವು ಮೂವರೂ ಗದ್ದೆಗೆ ಹೋದೆವು. ಎಣ್ಣೆಯಲ್ಲಿ ಅದ್ದಿದ ಬತ್ತಿ ಸುತ್ತಿದ ಕೋಲನ್ನು ಶೆಟ್ರು ಕೊಯ್ದ ಗದ್ದೆಯ ಕೆಸರಿನಲ್ಲಿ ನೆಟ್ಟರು. ಸುತ್ತಲಿನ ಗದ್ದೆಗಳಲ್ಲಿ ಒಂದೊಂದೇ ದೀಪ ಹತ್ತಿಕೊಂಡವು. ಆಮೇಲೆ ಬೈಲು ಸುಮ್ಮನಾಯಿತು. ಎಲ್ಲರೂ ಕಾಯುತ್ತಿದ್ದರು.

ಶೆಟ್ರು ಬೈರಾಸನ್ನು ಹೆಗಲಿಗೆ ಹಾಕಿಕೊಂಡು, ಎದೆ ತುಂಬಾ ಉಸಿರು ಎಳೆಯಲು ನೋಡಿದರು. ಅರ್ಧದಲ್ಲೇ ಕೆಮ್ಮು ಬಂತು. ಇನ್ನೊಮ್ಮೆ ಎಳೆದರು. ಕೂ ಅನ್ನಲು ಬಾಯಿ ತೆರೆದರೆ ಸಿಳ್ಳೆಯಂಥ ಸದ್ದು ಮಾತ್ರ ಬಂತು, ಅದು ಪಕ್ಕದ ಅಂಚಿಗೂ ಮುಟ್ಟಲಿಲ್ಲ. ಮೂರನೆಯ ಸಲ ಅವರು ಪ್ರಯತ್ನವನ್ನೂ ಮಾಡಲಿಲ್ಲ. ಗದ್ದೆಯಂಚಿನ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟರು. ಮಳೆಗೆ ಆಚೆಯ ಒಂದು ದೀಪ ಆರಿತು. ಆಮೇಲೆ ಇನ್ನೊಂದು. ಆದರೂ ಯಾರೂ ಕೂಗಲಿಲ್ಲ. ಎದುರಿನ ಅಂಚಿನಿಂದ ಒಬ್ಬರು ಮಾತ್ರ ಕರೆದರು: "ಹ್ವಾಯ್ ಶೆಟ್ರೆ! ಎಂತಾಯ್ತ್ ಮಾರ್ರೆ?"

ಉತ್ತರ ಕೊಡಲೂ ಅವರಿಗೆ ಉಸಿರಿರಲಿಲ್ಲ. ಸೀತಕ್ಕ ನನ್ನ ತೋಳು ಹಿಡಿದರು. "ಹೆಣೆ, ನೀ ಕೂಗ್."

"ನಾನಾ? ಹೆಣ್ಮಕ್ಕಳ್ ಕೂಗುಕಿತ್ತಾ?"

"ಉಸ್ರ್ ಇದ್ದರ್ ಕೂಗುದ್," ಅಂದರು ಶೆಟ್ರು ಕೂತಲ್ಲಿಂದಲೇ.

ನನಗೆ ಕರೆಯುವ ಮಾತುಗಳೂ ಬರುತ್ತಿರಲಿಲ್ಲ. ಶೆಟ್ರು ಎರಡು ಮಾತು ಹೇಳಿ ಉಸಿರು ತೆಗೆದುಕೊಳ್ಳುವರು, ನಾನು ಆ ಎರಡು ಮಾತನ್ನು ಕೂಗುವೆ. ಮತ್ತೆ ಎರಡು ಮಾತು ಹೇಳುವರು. ಹೀಗೆ ತುಂಡು ತುಂಡಾಗಿ ಪೂರ್ತಿ ಮಾಡಿ ಕೊನೆಗೆ ಕೂ ಅಂದೆ. ನನ್ನ ಕೂ ಸಪೂರ, ಮೇಲಾಗಿ ಅಳು ಬೆರೆತಿತ್ತು. ಆಮೇಲೆ ಎದುರಿನಿಂದ ಒಂದು ಕೂ, ಬಲಗಡೆಯಿಂದ ಒಂದು, ಮರಗಳ ಹಾಡಿಯ ಆಚೆಯಿಂದ ಇನ್ನೊಂದು, ಎಲ್ಲ ಒಟ್ಟಿಗೆ ಎದ್ದವು. ಶೆಟ್ರು ಒದ್ದೆ ಹುಲ್ಲಿನ ಮೇಲೆ ಕೂತು ಕೇಳುತ್ತಿದ್ದರು. ಮನೆಗೆ ಬರುವ ದಾರಿಯಲ್ಲಿ ನಾಲ್ಕು ಸಲ ನಿಂತರು, ನಾಲ್ಕು ಸಲವೂ ಬೈಲನ್ನು ತಿರುಗಿ ನೋಡಿದರು.

ಮುಂದಿನ ವರ್ಷ ನನಗೆ ಬೈಂದೂರಿನ ಕಡೆಗೆ ವರ್ಗವಾಯಿತು. ಕೊರೊನಾ ಬಂತು. ಊರಿಡೀ ಮೂಗು ಬಾಯಿ ಕಟ್ಟಿಕೊಂಡು ತಿರುಗಿದಾಗ ಶೆಟ್ರು ಫೋನಿನಲ್ಲಿ, "ಕಾಣಿ ಮದ್ದಿನಮ್ಮ, ನೀವ್ ಹೇಳಿದ್ದ್ ಈಗ ಎಲ್ಲರೂ ಕೇಂತ್ರ್," ಅಂದಿದ್ದರು, ಎರಡೆರಡು ಮಾತಿಗೆ ನಿಲ್ಲುತ್ತಾ. ಅವರ ಎದೆ ಮೊದಲಿನಂತೆ ಆಗಲೇ ಇಲ್ಲ. ಒಂದೊಂದು ಮಳೆಗಾಲವೂ ಸ್ವಲ್ಪ ಸ್ವಲ್ಪ ಕಿತ್ತುಕೊಂಡು ಹೋಯಿತು. ಕುತ್ರಿ ಬೆವರಿದ ವರ್ಷದಿಂದ ಮೂರನೆಯ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾನು ಹೋಗಿ ಬಂದೆ. ಹೇಳಬೇಕಾದದ್ದನ್ನು ಅವತ್ತೂ ಹೇಳಲಿಲ್ಲ. ಆಮೇಲೆ ಆ ಕಡೆ ಬಸ್ಸಿನಲ್ಲಿ ಎಷ್ಟೋ ಸಲ ಹೋದೆ, ತೆಕ್ಕಟ್ಟೆ ಬಂದಾಗ ಮೊಬೈಲು ನೋಡುತ್ತಾ ಕೂರುತ್ತಿದ್ದೆ.

ಹಾಗೆ ಈ ದೀಪಾವಳಿಗೆ, ಒಂದು ಟೆಂಪೊ ಹುಲ್ಲಿನ ದೆಸೆಯಿಂದ, ಸೀತಕ್ಕನ ಅಂಗಳದಲ್ಲಿ ನಿಂತಿದ್ದೆ. ಮಗಳು ಅಳಿಯ ಈಗ ಇಲ್ಲೇ ಇದ್ದಾರೆ, ಅಳಿಯನಿಗೆ ಹೆದ್ದಾರಿಯ ಬದಿಯಲ್ಲಿ ಹೊಟೇಲು. ಅಂಗಳದಲ್ಲಿ ಕುತ್ರಿ ಇಲ್ಲ, ಕಾರು ಇತ್ತು. ಸೀತಕ್ಕ ನನ್ನನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. "ಬಂದ್ಯಾ? ಕೂಕೊ," ಅಂದವರು ಒಳಗೆ ಹೋಗಿ ಚಾ ತಂದರು. ಚಾದ ಜೊತೆಗೆ ಆ ಪಂಪು. ತೊಳೆದು, ಒರೆಸಿ, ಅದೇ ಹಳೆಯ ಕವರಿನಲ್ಲಿ ಹಾಕಿಟ್ಟಿದ್ದರು.

"ನಿಮ್ ಆಸ್ಪತ್ರಿ ಸೊತ್ತ್. ನೀ ಬಂದಾಗ ಕೊಡುಕಂದೇಳಿ ಇಟ್ಟಿದ್ದೆ."

ಇನ್ನು ತಡೆಯಲಾಗಲಿಲ್ಲ. "ಸೀತಕ್ಕ, ಇದನ್ನ ಎಳುಕ್ ಅಂದೇಳಿ ನಾ ಅವ್ರಿಗೆ ಹೇಳಲೇ ಇಲ್ಲೆ. ಅವತ್ತ್ ನಿಮ್ ಎದ್ರಿಗೆ ಸುಳ್ಳ್ ಹೇಳ್ದೆ," ಅಂದುಬಿಟ್ಟೆ.

ಸೀತಕ್ಕ ಚಾದ ಲೋಟವನ್ನು ನನ್ನ ಹತ್ತಿರಕ್ಕೆ ಸರಿಸಿದರು. "ಗೊತ್ತಿತ್ತ್. ಅವತ್ತೇ ಅವ್ರ್ ಹೇಳಿರ್. 'ಆ ಹೆಣ್ಣಿನ್ ಕೆಲ್ಸಕ್ಕೆ ತೊಂದ್ರಿ ಆಪ್ದ್ ಬ್ಯಾಡ, ನೀ ನಂಗೇ ಸಮಾ ಬೈ' ಅಂದಿರ್. ನಾ ಬೈದೆ."

ಮೂರು ದಿನ ನಾನು ಕೇಳಿಸಿಕೊಂಡ ಆ ಬೈಗುಳವೆಲ್ಲ ನನ್ನನ್ನು ಉಳಿಸಲು ಆಡಿದ್ದು. ನಾನು ಅತ್ತುಬಿಟ್ಟೆ. ಸೀತಕ್ಕ ಅಳಲಿಲ್ಲ. ಹೊರಗೆ ನೋಡಿ, "ಹೊತ್ತಾಯ್ತ್, ಬಾ, ದೀಪ ಇಡ್ವ," ಅಂದರು.

ಗದ್ದೆಯಂಚಿನಲ್ಲಿ ನಡೆಯುವಾಗ ಈಗ ಯಾರು ಮೊದಲು ಕೂಗುತ್ತಾರೆ ಅಂತ ಕೇಳಿದೆ. "ಯಾರ್ ಕೂಗ್ತ್ರ್? ಅಳಿಯಂಗೆ ನಾಚ್ಕಿ. ಎದ್ರ್ ಮನಿಯರ್ ಮೈಕಂಗೆ ರೆಕಾರ್ಡ್ ಹಾಕ್ತ್ರ್," ಅಂದರು. ಬೈಲಿನ ಅರ್ಧ ಬೇಸಾಯವಿಲ್ಲದೆ ಹಡಿಲು ಬಿದ್ದಿತ್ತು. ಮಳೆ ಈ ಸಲವೂ ಪೂರ್ತಿ ಹೋಗಿರಲಿಲ್ಲ, ಪಡುವಣದಲ್ಲಿ ಮೋಡ ನಿಂತ ಹಾಗೇ ಇತ್ತು. ಸೀತಕ್ಕ ಕೋಲು ನೆಟ್ಟು ಬತ್ತಿ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ ನಿಂತರು.

ಮಾತುಗಳು ಒಂದೂ ಮರೆತಿರಲಿಲ್ಲ. ಎರಡೆರಡು ಮಾತಿಗೆ ಒಮ್ಮೆ, ಅವರು ಉಸಿರು ತೆಗೆದುಕೊಳ್ಳುತ್ತಿದ್ದಲ್ಲೇ ನಿಲ್ಲಿಸಿ ನಿಲ್ಲಿಸಿ ಕರೆದೆ. ನನಗೆ ಬರುವುದೇ ಹಾಗೆ. ಕೊನೆಗೆ ಇದ್ದಷ್ಟು ಉಸಿರನ್ನೂ ಹಾಕಿ ಕೂ ಅಂದೆ. ಸ್ವಲ್ಪ ಹೊತ್ತಿನ ಮೇಲೆ ಹಾಡಿಯ ಆಚೆಯಿಂದ ಒಂದು ಮುದಿ ಕೂಗು ಬಂತು, ಬಲಗಡೆಯಿಂದ ಮತ್ತೊಂದು. ಅಷ್ಟೇ.

ಸೀತಕ್ಕ ಕಿವಿಗೊಟ್ಟು ನಿಂತಿದ್ದರು. "ಅವ್ರ್ ಕೂ ಇದಕ್ಕಿಂತ ಉದ್ದ ಇತ್ತ್, ಹೆಣೆ," ಅಂದರು.

"ಹೌದ್ ಸೀತಕ್ಕ," ಅಂದೆ. ಪೂರ್ತಿ ಉದ್ದದ ಅವರ ಕೂಗನ್ನು ನಾನು ಒಂದು ಸಲವೂ ಕೇಳಿಲ್ಲ. ಉಸಿರು ಎಳೆದುಕೊಂಡು ಇನ್ನೊಮ್ಮೆ ಕೂಗಿದೆ.